ಬೆಟ್ಟ ಹತ್ತುವ ಕಾರುಗಳ ಸದ್ದು ಕೇಳುತ್ತ: ಕೊಡಗಿನ ತೋಟದಲ್ಲಿ ನಾಲ್ಕು ದಿನ

ಶುಕ್ರವಾರ

ಬೆಳಿಗ್ಗೆ ಆರೂವರೆಗೆ ಮೈಸೂರು ಬಿಟ್ಟೆವು. ಅಪ್ಪ ನನ್ನ ಪಕ್ಕದ ಸೀಟಿನಲ್ಲಿ ಕುಳಿತು, ಹಳೆಯ ಅಭ್ಯಾಸದಂತೆ ಮೊದಲು ಎಡಗಡೆಯ ಕನ್ನಡಿ ನೋಡಿ, ಆಮೇಲೆ ಬೆಲ್ಟ್ ಹಾಕಿಕೊಂಡರು. ಕೆಎಸ್‌ಆರ್‌ಟಿಸಿಯಲ್ಲಿ 31 ವರ್ಷ ಬಸ್ ಓಡಿಸಿ ನಿವೃತ್ತರಾದವರು ಅವರು. ಆ ವರ್ಷಗಳಲ್ಲಿ ಹೆಚ್ಚಿನವು ಮೈಸೂರು–ಮಂಗಳೂರು ಮಾರ್ಗದಲ್ಲಿ, ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯುವುದರಲ್ಲಿ ಮತ್ತು ಮರುದಿನ ಅದೇ ಘಾಟಿಯನ್ನು ಹತ್ತುವುದರಲ್ಲಿ ಕಳೆದವು. ಕಕ್ಕಬ್ಬೆಯ ಕಡೆಯ ತೋಟವೊಂದರಲ್ಲಿ ಬೆಟ್ಟ ಹತ್ತುವ ಕಾರು ಸ್ಪರ್ಧೆ ನಡೆಯಲಿದೆ, ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ ಎಂದು ಭಾವ ಫೋನ್ ಮಾಡಿದಾಗ, ನಾನು ರಜೆಯ ಲೆಕ್ಕ ಹಾಕುತ್ತಿರುವಾಗಲೇ ಅಪ್ಪ ಹೋಗೋಣವೆಂದು ಹೇಳಿಬಿಟ್ಟಿದ್ದರು.

ಹುಣಸೂರು ದಾಟಿ, ಆನೆಚೌಕೂರಿನ ಗೇಟಿನಿಂದಾಚೆ ನಾಗರಹೊಳೆ ಕಾಡಿನ ಅಂಚಿನಲ್ಲಿ ನಿಧಾನವಾಗಿ ಸಾಗಿ, ತಿತಿಮತಿ, ಗೋಣಿಕೊಪ್ಪಗಳ ಮೂಲಕ ವಿರಾಜಪೇಟೆ ತಲುಪುವಾಗ ಹತ್ತು ಗಂಟೆಯಾಗಿತ್ತು. ನವೆಂಬರಿನ ಕೊನೆಯ ವಾರ. ತೋಟಗಳಲ್ಲಿ ರೊಬಸ್ಟಾ ಕಾಫಿ ಇನ್ನೂ ಹಸಿರಾಗಿಯೇ ಇತ್ತು. ಅಕ್ಕನ ಮನೆಯಲ್ಲಿ ಅಕ್ಕಿ ರೊಟ್ಟಿ ತಿಂದು, ಬೆಲ್ಲದ ಕಾಫಿ ಕುಡಿದು, ಮಧ್ಯಾಹ್ನ ಎರಡು ಗಂಟೆಗೆ ಭಾವನ ಜೀಪಿನಲ್ಲಿ ತೋಟಕ್ಕೆ ಹೋದೆವು.

ಕಾರುಗಳ ತಪಾಸಣೆ ನಡೆಯುತ್ತಿದ್ದದ್ದು ಕಾಫಿ ಒಣಗಿಸುವ ಕಣದಲ್ಲಿ. ರೊಬಸ್ಟಾ ಕೊಯ್ಲು ಸಂಕ್ರಾಂತಿಯ ಆಸುಪಾಸಿನಲ್ಲಿ ಶುರುವಾಗುವುದರಿಂದ ಕಣ ಈಗ ಬರಿದಾಗಿರುತ್ತದೆ. ವಿಶಾಲವಾದ, ಮಟ್ಟಸವಾದ, ತೊಳೆದಿಟ್ಟಂತಹ ಆ ನೆಲದ ಮೇಲೆ ಮಾರುತಿ ಜಿಪ್ಸಿಗಳು, ಹಳೆಯ ಎಸ್ಟೀಮ್‌ಗಳು, ಹೋಂಡಾ ಸಿಟಿಗಳು, ಪೋಲೊಗಳು ಸಾಲುಗಟ್ಟಿ ನಿಂತಿದ್ದವು. ಪರಿಶೀಲಕರು ಒಂದೊಂದು ಕಾರಿನ ಒಳಗೂ ತಲೆ ತೂರಿಸಿ, ಕಾರು ಮಗುಚಿದರೆ ಚಾಲಕನನ್ನು ಕಾಯುವ ಉಕ್ಕಿನ ಪಂಜರದ ಬೆಸುಗೆಗಳ ಮೇಲೆ ಬೆರಳಾಡಿಸಿ ನೋಡುತ್ತಿದ್ದರು. ಭುಜ, ಸೊಂಟ, ತೊಡೆಗಳನ್ನು ಬಿಗಿಯುವ ಬೆಲ್ಟಿನ ತಯಾರಿಕೆಯ ದಿನಾಂಕ, ಹೆಲ್ಮೆಟ್ಟಿನ ಗುಣಮಟ್ಟದ ಚೀಟಿ, ಕುತ್ತಿಗೆಗೆ ಪೆಟ್ಟಾಗದಂತೆ ತಡೆಯುವ ಹಾನ್ಸ್ ಪಟ್ಟಿ, ಬೆಂಕಿ ಆರಿಸುವ ಸಿಲಿಂಡರು, ಹೊರಗೆ ನಿಂತವರೇ ಬ್ಯಾಟರಿಯ ಸಂಪರ್ಕ ಕಡಿಯಬಹುದಾದ ಸ್ವಿಚ್ಚು, ಎಳೆಯಲು ಬೇಕಾದ ಕೊಕ್ಕೆ, ಇವುಗಳಲ್ಲಿ ಯಾವುದೊಂದು ಸರಿಯಿಲ್ಲದಿದ್ದರೂ ಆ ಕಾರು ಓಡುವಂತಿಲ್ಲ. ಬಸ್ಸನ್ನು ಡಿಪೋದಿಂದ ಹೊರಗೆ ತೆಗೆಯುವ ಮುನ್ನ ತಾವೇ ಟೈರು ಬಡಿದು ನೋಡುತ್ತಿದ್ದ ಅಪ್ಪನಿಗೆ ಈ ಶಿಸ್ತು ತುಂಬ ಹಿಡಿಸಿತು. ಒಂದು ಗಂಟೆಗೂ ಹೆಚ್ಚು ಕಾಲ ಅವರು ಹಗ್ಗದ ಈಚೆಯಿಂದ ಕದಲಲಿಲ್ಲ.

ಹಗ್ಗದ ಪಕ್ಕದಲ್ಲೇ ಒಂದು ಜಿಪ್ಸಿ ನಿಂತಿತ್ತು. ಒಳಗೆ ಚಾಲಕನ ಸೀಟೊಂದನ್ನು ಬಿಟ್ಟು ಬೇರೇನೂ ಇರಲಿಲ್ಲ; ಬಾಗಿಲಿನ ಒಳಮೈ, ಕಾಲಡಿಯ ಹಾಸು, ಹಿಂದಿನ ಸೀಟು ಎಲ್ಲವನ್ನೂ ತೆಗೆದು ಬರಿಯ ತಗಡನ್ನು ಉಳಿಸಿದ್ದರು. ಸ್ಟೇರಿಂಗಿನ ನೆತ್ತಿಯಲ್ಲಿ ಬೆರಳಗಲದ ಹಳದಿ ಟೇಪೊಂದನ್ನು ಸುತ್ತಿದ್ದರು. ಅಪ್ಪ ಅದೇಕೆಂದು ಕೇಳಿದರು. ಇಪ್ಪತ್ತೈದರ ಆಸುಪಾಸಿನ ಚಾಲಕ ಹತ್ತಿರ ಬಂದು, ‘ಕಾರು ಅಡ್ಡಡ್ಡ ಜಾರುವಾಗ ಚಕ್ರ ನೇರ ಇದೆಯೋ ತಿರುಗಿದೆಯೋ ಗೊತ್ತಾಗುವುದಿಲ್ಲ ಸರ್. ಆಗ ಈ ಟೇಪ್ ಎಲ್ಲಿದೆ ಅಂತ ನೋಡಿಕೊಳ್ಳುತ್ತೇನೆ’ ಎಂದ. ಅಪ್ಪ ಬಹಳ ಹೊತ್ತು ಆ ಟೇಪನ್ನೇ ನೋಡುತ್ತಿದ್ದರು.

ಶನಿವಾರ

ಬೆಟ್ಟ ಹತ್ತುವ ಸ್ಪರ್ಧೆಯ ನಿಯಮ ಸರಳ. ಕಾರುಗಳನ್ನು ಒಂದೊಂದಾಗಿ ಬಿಡುತ್ತಾರೆ. ಬುಡದಲ್ಲಿ ಒಂದು ಬೆಳಕಿನ ಕಿರಣ, ತುದಿಯಲ್ಲಿ ಇನ್ನೊಂದು. ಕಾರು ಮೊದಲನೆಯದನ್ನು ಕಡಿದಾಗ ಗಡಿಯಾರ ಓಡತೊಡಗುತ್ತದೆ, ಎರಡನೆಯದನ್ನು ಕಡಿದಾಗ ನಿಲ್ಲುತ್ತದೆ. ಹಿಂದೆ ಹಾಕುವ ಪ್ರಶ್ನೆಯೇ ಇಲ್ಲ. ರ‍್ಯಾಲಿಯಲ್ಲಿ ಚಾಲಕನ ಪಕ್ಕ ಕುಳಿತ ಸಹಚಾಲಕ ಮುಂದಿನ ತಿರುವು ಎಂಥದೆಂದು ಟಿಪ್ಪಣಿ ನೋಡಿ ಓದಿ ಹೇಳುತ್ತಾನೆ. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಸುತ್ತುಗಳು ಕೊಡಗಿನ ತೋಟದ ರಸ್ತೆಗಳಲ್ಲೇ ನಡೆದಿರುವುದರಿಂದ ಇಲ್ಲಿನ ಮಕ್ಕಳಿಗೂ ಅದು ಗೊತ್ತು. ಆದರೆ ಬೆಟ್ಟ ಹತ್ತುವವನು ಒಬ್ಬಂಟಿ. ದಾರಿಯನ್ನೆಲ್ಲ ಅವನು ಬಾಯಿಪಾಠ ಮಾಡಿಕೊಂಡಿರಬೇಕು.

ಹಾಗೆ ಬಾಯಿಪಾಠ ಮಾಡುತ್ತಿದ್ದವರನ್ನು ನಾವು ಬೆಳಿಗ್ಗೆ ಏಳಕ್ಕೆ ಮಂಜಿನಲ್ಲಿ ಕಂಡೆವು. ಎರಡು ಕಿಲೋಮೀಟರಿಗೆ ಸ್ವಲ್ಪ ಹೆಚ್ಚಿರುವ ಆ ಮಣ್ಣಿನ ರಸ್ತೆ, ಕಣದ ಪಕ್ಕದಿಂದ ಹೊರಟು, ತೋಟದ ಕೆಲಸದವರು ವಾಸಿಸುವ ಲೈನ್‌ಮನೆಗಳ ಹಿಂದಿನಿಂದ ಏರಿ, ತೋಟದ ಮೇಲಿನ ಗಡಿಯವರೆಗೆ ಹೋಗುತ್ತದೆ. ಸ್ಪರ್ಧಿಗಳು ಅದನ್ನು ನಡೆದೇ ಹತ್ತುತ್ತಿದ್ದರು. ಕೆಲವರು ಪ್ರತಿ ತಿರುವಿನಲ್ಲೂ ನಿಂತು ಹಿಂದೆ ನೋಡಿ, ಇನ್ನೆರಡು ಹೆಜ್ಜೆ ಇಳಿದು, ಮತ್ತೆ ಹತ್ತಿ ಬರುತ್ತಿದ್ದರು. ಒಬ್ಬರು ಮರದ ಬುಡದಲ್ಲಿ ಕಣ್ಣು ಮುಚ್ಚಿ ನಿಂತು, ಎರಡು ಕೈಗಳಲ್ಲೂ ಇಲ್ಲದ ಸ್ಟೇರಿಂಗನ್ನು ಹಿಡಿದು, ಬೆಟ್ಟವನ್ನು ಮನಸ್ಸಿನಲ್ಲೇ ಹತ್ತುತ್ತಿದ್ದರು. ನಾವು ಮಾತು ನಿಲ್ಲಿಸಿ ಅವರನ್ನು ದಾಟಿ ಹೋದೆವು.

ನೋಡಲು ಎಲ್ಲಿ ಕೂರಬೇಕೆಂಬುದನ್ನು ತೀರ್ಮಾನಿಸಿದವರು ಅಪ್ಪ. ಭಾವ ಕೊನೆಯ ಗೆರೆಯ ಹತ್ತಿರ ಕುರ್ಚಿ ಹಾಕಿಸುವುದಾಗಿ ಹೇಳಿದ್ದರು. ಅಪ್ಪ ಒಪ್ಪಲಿಲ್ಲ. ಅರ್ಧ ದಾರಿಯಲ್ಲಿ ಬೆಟ್ಟದ ಮೂಗನ್ನು ಬಳಸಿಕೊಂಡು ರಸ್ತೆ ಬಲಕ್ಕೆ ಗಕ್ಕನೆ ತಿರುಗುತ್ತದೆ. ಒಳಗಡೆ ಆಳೆತ್ತರದ ಬರೆ, ಅಂದರೆ ರಸ್ತೆಗಾಗಿ ಕಡಿದ ಮಣ್ಣಿನ ದಿಬ್ಬ; ಹೊರಗಡೆ ಇಳಿಜಾರಿನ ತೋಟ. ತಿರುವಿಗೆ ಮೂವತ್ತು ಹೆಜ್ಜೆ ಮುಂಚೆ, ರಸ್ತೆಯ ಎಡಕ್ಕೆ, ಕಾಳುಮೆಣಸಿನ ಬಳ್ಳಿ ತಬ್ಬಿದ ದೊಡ್ಡದೊಂದು ಸಿಲ್ವರ್ ಓಕ್ ಮರ. ‘ಇಲ್ಲಿ ಕೂತರೆ ಗೊತ್ತಾಗುತ್ತದೆ’ ಎಂದರು ಅಪ್ಪ. ಏನು ಗೊತ್ತಾಗುತ್ತದೆಂದು ಹೇಳಲಿಲ್ಲ. ಎರಡು ದಿನ ಅಲ್ಲಿ ಕುಳಿತ ಮೇಲೆ, ಇಂತಹ ಸ್ಪರ್ಧೆ ನೋಡಲು ಹೋಗುವ ಯಾರಿಗಾದರೂ ನಾನು ಹೇಳುವುದು ಇದನ್ನೇ: ಒಂದು ತಿರುವನ್ನು ಆರಿಸಿಕೊಳ್ಳಿ, ಅದನ್ನು ಬಿಟ್ಟು ಕದಲಬೇಡಿ. ಊರೂರು ತಿರುಗಿದಂತೆ ತಿರುವಿನಿಂದ ತಿರುವಿಗೆ ಓಡಾಡಿದರೆ ಸಿಗುವುದು ಧೂಳು ಮಾತ್ರ.

ಬರೆಯ ಮೇಲೆ, ಅಂಚಿನಿಂದ ಸಾಕಷ್ಟು ಹಿಂದೆ, ಹಗ್ಗ ಕಟ್ಟಿ ಜನರಿಗೆ ಜಾಗ ಮಾಡಿದ್ದರು. ತಿರುವಿನ ಹೊರಗಡೆ ಯಾರೂ ನಿಲ್ಲುವಂತಿರಲಿಲ್ಲ. ಹಿಡಿತ ತಪ್ಪಿದ ಕಾರು ಹೋಗುವುದು ಹೊರಗಡೆಗೇ. ಅಲ್ಲಿ ಹಳೆಯ ಟೈರುಗಳನ್ನು ಕಟ್ಟಿ ಪೇರಿಸಿದ್ದರು. ತಿರುವಿಗೊಬ್ಬ ಮಾರ್ಷಲ್ ಇದ್ದು, ಅವರ ಕೈಯಲ್ಲಿ ಹಳದಿ ಮತ್ತು ಕೆಂಪು ಬಾವುಟಗಳು, ಹೆಗಲಿಗೆ ವಾಕಿಟಾಕಿ. ಹಳದಿ ಬಾವುಟ ಮುಂದೆ ಅಪಾಯವಿದೆಯೆಂದು ತಿಳಿಸುತ್ತದೆ. ಕೆಂಪು ಕಂಡರೆ ಚಾಲಕ ನಿಲ್ಲಿಸಲೇಬೇಕು. ನಮ್ಮ ತಿರುವಿನ ಮಾರ್ಷಲ್ ಪಕ್ಕದ ಊರಿನ ಶಾಲೆಯ ಮೇಷ್ಟ್ರು. ಜನರನ್ನು ಮಕ್ಕಳಂತೆ ಸಾಲಾಗಿ ಕೂರಿಸಿದ ಅವರ ಮಾತನ್ನು ಯಾರೂ ಮೀರಲಿಲ್ಲ.

ಹತ್ತು ಗಂಟೆಗೆ ಅಭ್ಯಾಸದ ಓಟಗಳು ಆರಂಭವಾದವು. ಮೊದಲು ಕೇಳಿಸಿದ್ದು ಸದ್ದು. ಬುಡದಲ್ಲಿ ಎಂಜಿನ್ ಒಮ್ಮೆ ಅರಚಿತು. ಆಮೇಲೆ ಲೈನ್‌ಮನೆಗಳ ಹಿಂದೆ ಅಡಗಿದಂತೆ ಮಂಕಾಯಿತು. ಮತ್ತೆ ಹತ್ತಿರವೇ ಎದ್ದಿತು. ಗೇರ್ ಬದಲಿಸಿದಾಗಲೆಲ್ಲ ಸದ್ದು ಕಡಿದು ಕೂಡುತ್ತಿತ್ತು. ಸಿಲ್ವರ್ ಓಕ್ ಮರದ ಬಳಿ ಕಾರು ಕಣ್ಣಿಗೆ ಬಿದ್ದ ಮೇಲೆ ಮರೆಯಾಗುವವರೆಗೆ ನಾನು ಎಣಿಸಿದೆ: ಐದು ಸೆಕೆಂಡು. ಇಷ್ಟಕ್ಕಾಗಿ ಮೈಸೂರಿನಿಂದ ಬಂದೆವೇ ಎಂದು ಮೊದಲ ಎರಡು ಕಾರುಗಳಿಗೆ ಅನ್ನಿಸಿತ್ತು. ಹತ್ತನೆಯ ಕಾರಿನ ಹೊತ್ತಿಗೆ ಆ ಐದು ಸೆಕೆಂಡುಗಳ ಒಳಗೆ ಎಷ್ಟೊಂದು ಇದೆಯೆಂಬುದು ಅರ್ಥವಾಗತೊಡಗಿತು.

ಬೆಟ್ಟ ಹತ್ತುವಾಗ ವಾಹನದ ಭಾರ ಹಿಂದಕ್ಕೆ ಜರುಗುತ್ತದೆ. ಮುಂದಿನ ಚಕ್ರಗಳಿಂದ ಓಡುವ ಪೋಲೊ, ಹೋಂಡಾದಂತಹ ಕಾರುಗಳಿಗೆ ಇದು ಕಷ್ಟಕಾಲ. ಎಳೆಯಬೇಕಾದ ಚಕ್ರಗಳ ಮೇಲೆಯೇ ಭಾರ ಕಡಿಮೆಯಾಗಿ, ತಿರುವಿನಲ್ಲಿ ಅವು ಮಣ್ಣನ್ನು ಕೆರೆಯುತ್ತವೆಯೇ ಹೊರತು ಹಿಡಿಯುವುದಿಲ್ಲ. ಜಿಪ್ಸಿಯ ಹಿಂಚಕ್ರಗಳಿಗೆ ಅದೇ ಭಾರ ವರವಾಗುತ್ತದೆ. ಹಾಗಾಗಿ ಪೋಲೊಗಳು ಮೂಗನ್ನು ಹೊರಕ್ಕೆ ದೂಡಿಕೊಂಡು ಒದ್ದಾಡುತ್ತಿದ್ದ ಕಡೆಯಲ್ಲಿ, ಎಷ್ಟೋ ಹಳೆಯದಾದ ಜಿಪ್ಸಿ ಬಾಲ ಬೀಸಿ ತಿರುಗಿ ಹೋಗಿಬಿಡುತ್ತಿತ್ತು. ನೇರದಾರಿಯಲ್ಲಿ ಪೋಲೊಗೆ ಜಿಪ್ಸಿ ಸಾಟಿಯಲ್ಲ. ನಮ್ಮ ತಿರುವು ಮಾತ್ರ ಜಿಪ್ಸಿಯದು.

ಮಧ್ಯಾಹ್ನದ ಹೊತ್ತಿಗೆ ಅಪ್ಪ ಕಾರು ನೋಡುವುದನ್ನು ಬಿಟ್ಟಿದ್ದರು. ಕಣ್ಣು ಅರೆಮುಚ್ಚಿ, ಗೇರ್ ಬದಲಾದಾಗಲೆಲ್ಲ ಬಲಮೊಣಕಾಲಿನ ಮೇಲೆ ತೋರುಬೆರಳಿನಿಂದ ಒಂದು ಸಲ ತಟ್ಟುತ್ತಿದ್ದರು. ಹೆಚ್ಚಿನವರ ವಿಷಯದಲ್ಲಿ ಆ ತಟ್ಟು ಬೀಳುತ್ತಿದ್ದದ್ದು ಕಾರು ಮರವನ್ನು ದಾಟಿ ತಿರುವಿನೊಳಗೆ ಹೊಕ್ಕ ಮೇಲೆ. ‘ತಡ’ ಎನ್ನುತ್ತಿದ್ದರು ಅಪ್ಪ. ಶುಕ್ರವಾರ ನಮ್ಮೊಡನೆ ಮಾತನಾಡಿದ ಹುಡುಗನ ಜಿಪ್ಸಿ ಬಂದಾಗಲೂ ‘ತಡ’ ಎಂದೇ ಹೇಳಿದರು. ಕಾರಣವನ್ನು ಸಂಜೆ ಮನೆಗೆ ಮರಳುವಾಗ ವಿವರಿಸಿದರು: ‘ಘಾಟಿ ಹತ್ತುವಾಗ ತಿರುವಿನ ಒಳಗೆ ಹೋಗಿ ಗೇರ್ ಇಳಿಸಬಾರದು. ಕ್ಲಚ್ ತುಳಿದ ಆ ಕ್ಷಣ ಗಾಡಿ ಯಾರ ಕೈಲೂ ಇರುವುದಿಲ್ಲ. ಇಳಿಸಬೇಕಾದದ್ದನ್ನು ಮೊದಲೇ ಇಳಿಸಿ, ತಿರುವಿನಲ್ಲಿ ಎಳೆಯುತ್ತಲೇ ಇರಬೇಕು.’

ರಾತ್ರಿ ನೂಪುಟ್ಟು, ಕೋಳಿ ಸಾರಿನ ಊಟವಾದ ಮೇಲೆ ಅಕ್ಕನ ಮಗ ತನ್ನ ಫೋನಿನಲ್ಲಿ ಅಮೆರಿಕದ ಪೈಕ್ಸ್ ಪೀಕ್ ಸ್ಪರ್ಧೆಯನ್ನು ಅಜ್ಜನಿಗೆ ತೋರಿಸಿದ. ಎಂಜಿನಿಯರಿಂಗ್ ಓದುತ್ತಿರುವ ಅವನ ಕೋಣೆಯ ಗೋಡೆಯಲ್ಲಿ, ಮೋಟಾರು ಕ್ರೀಡೆಗೆ ಮೊತ್ತಮೊದಲ ಅರ್ಜುನ ಪ್ರಶಸ್ತಿಯನ್ನು 2019ರಲ್ಲಿ ತಂದ ಗೌರವ್ ಗಿಲ್ ಅವರ ಚಿತ್ರವಿದೆ. ಪೈಕ್ಸ್ ಪೀಕ್ 1916ರಲ್ಲಿ ಆರಂಭವಾದ ಸ್ಪರ್ಧೆ. 19.99 ಕಿಲೋಮೀಟರ್ ದಾರಿ, 156 ತಿರುವುಗಳು. ಮುಗಿಯುವುದು ಸಮುದ್ರಮಟ್ಟದಿಂದ 4,302 ಮೀಟರ್ ಎತ್ತರದಲ್ಲಿ. ಕೊಡಗಿನ ಅತಿ ಎತ್ತರದ ಬೆಟ್ಟವಾದ ನಮ್ಮ ತಡಿಯಂಡಮೋಳ್ 1,748 ಮೀಟರ್ ಎಂಬುದನ್ನು ನೆನೆದರೆ ಆ ಎತ್ತರದ ಅಂದಾಜಾದೀತು. ಅಲ್ಲಿ ಗಾಳಿ ಎಷ್ಟು ತೆಳುವೆಂದರೆ ಸಾಧಾರಣ ಎಂಜಿನ್ ತನ್ನ ಶಕ್ತಿಯ ಮೂರನೆಯ ಒಂದು ಭಾಗವನ್ನೇ ಕಳೆದುಕೊಳ್ಳುತ್ತದೆ. ಬ್ಯಾಟರಿಗೆ ಗಾಳಿ ಬೇಕಿಲ್ಲ. 2018ರಲ್ಲಿ ರೊಮಾನ್ ಡ್ಯುಮಾ ಫೋಕ್ಸ್‌ವ್ಯಾಗನ್ನಿನ ವಿದ್ಯುತ್ ಕಾರಿನಲ್ಲಿ ಆ ದಾರಿಯನ್ನು 7 ನಿಮಿಷ 57.148 ಸೆಕೆಂಡಿನಲ್ಲಿ ಹತ್ತಿ, ಅದಕ್ಕೂ ಐದು ವರ್ಷ ಮೊದಲು ಸೆಬಾಸ್ಟಿಯನ್ ಲೋಬ್ ಪೆಟ್ರೋಲ್ ಕಾರಿನಲ್ಲಿ ಬರೆದಿದ್ದ 8 ನಿಮಿಷ 13.878 ಸೆಕೆಂಡಿನ ದಾಖಲೆಯನ್ನು ಮುರಿದರು. ಅಪ್ಪ ವಿಡಿಯೊವನ್ನು ಕೊನೆಯವರೆಗೆ ಗಮನವಿಟ್ಟು ನೋಡಿ, ಅದರಲ್ಲಿ ಗೇರ್ ಬದಲಿಸುವ ಸದ್ದೇ ಇಲ್ಲವಲ್ಲ ಎಂದು ಮೊಮ್ಮಗನನ್ನು ಕೇಳಿದರು. ಅದಕ್ಕೆ ಗೇರ್ ಬದಲಿಸಬೇಕಾಗಿಯೇ ಇಲ್ಲ ಅಜ್ಜ ಎಂದು ಅವನು ಹೇಳಿದಾಗ ಅವರು ಸುಮ್ಮನಾದರು.

ಭಾನುವಾರ

ಭಾನುವಾರ ಬೆಳಿಗ್ಗೆ ಎಂಟಕ್ಕೇ ಬರೆಯ ಮೇಲೆ ಜನ ತುಂಬಿದ್ದರು. ನಾಪೋಕ್ಲು, ವಿರಾಜಪೇಟೆ, ಮಡಿಕೇರಿಗಳಿಂದ ಬಂದವರು, ಲೈನ್‌ಮನೆಗಳ ಹೆಂಗಸರು ಮತ್ತು ಮಕ್ಕಳು, ರಜೆಯಲ್ಲಿ ಊರಿಗೆ ಬಂದ ಸೈನಿಕರು. ಬೇಯಿಸಿದ ಕಡಲೆಕಾಯಿ ಮಾರುವವನು ಹಗ್ಗದ ಹಿಂದಿನಿಂದಲೇ ಓಡಾಡುತ್ತಿದ್ದ. ಪ್ರತಿಯೊಬ್ಬ ಚಾಲಕನಿಗೂ ಎರಡು ಓಟಗಳು. ಎರಡರಲ್ಲಿ ಉತ್ತಮವಾದ ಸಮಯ ಲೆಕ್ಕಕ್ಕೆ. ಎಂಜಿನ್ನಿನ ಗಾತ್ರಕ್ಕೆ ಅನುಗುಣವಾಗಿ ವರ್ಗಗಳು. ರಸ್ತೆ ನಿರಾತಂಕವಾಗಿದೆಯೇ ಎಂದು ನೋಡುವ ‘ಶೂನ್ಯ’ ಸಂಖ್ಯೆಯ ಕಾರು ಹತ್ತಿ ಹೋದ ಮೇಲೆ ಸ್ಪರ್ಧೆ ಆರಂಭವಾಯಿತು.

ಒಂದೇ ಕಡೆ ಕೂತಿದ್ದರಿಂದಲೇ ಕಾಣಲು ಸಾಧ್ಯವಾದ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಬೆಳಿಗ್ಗೆ ತಿರುವಿನ ಉದ್ದಗಲಕ್ಕೂ ಸಣ್ಣ ಜಲ್ಲಿ ಹರಡಿಕೊಂಡಿತ್ತು. ಗೋಲಿಯಷ್ಟು ದಪ್ಪದ, ಉರುಟಾದ ಕಲ್ಲುಗಳು ಅವು. ಚಕ್ರಕ್ಕೆ ಸಿಕ್ಕರೆ ಕಾರು ಕಾಳುಗಳ ಮೇಲೆ ಕಾಲಿಟ್ಟಂತೆ ಜಾರುತ್ತದೆ. ಹತ್ತಿ ಹೋದ ಪ್ರತಿಯೊಂದು ಕಾರೂ ಹಿಡಿ ಹಿಡಿ ಜಲ್ಲಿಯನ್ನು ಹೊರಗಡೆಗೆ ಎರಚಿ ಹೋಗುತ್ತಿತ್ತು. ಹದಿನೈದು ಕಾರುಗಳಾಗುವಷ್ಟರಲ್ಲಿ ಒಳಗಿನ ಅಂಚಿನಲ್ಲಿ ಚಕ್ರದಗಲದ ಕೆಂಪು ಮಣ್ಣು ಕಾಣಿಸಿಕೊಂಡಿತು. ಮೂವತ್ತಾದಾಗ ಅದು ಸಾಣೆ ಹಿಡಿದ ಹಾಗೆ ಹೊಳೆಯುತ್ತಿತ್ತು. ಆ ಪಟ್ಟಿಯ ಮೇಲೆ ಚಕ್ರವಿಟ್ಟವರಿಗೆ ಹಿಡಿತ, ಒಂದು ಗೇಣು ಹೊರಗೆ ಸರಿದವರಿಗೆ ಮೊದಲಿಗಿಂತಲೂ ದಪ್ಪವಾಗಿ ಗುಡ್ಡೆಯಾದ ಜಲ್ಲಿ. ಮೊದಲು ಹೋದವರು ಹಿಂದೆ ಬರುವವರಿಗಾಗಿ ರಸ್ತೆ ಗುಡಿಸಿದಂತಾಯಿತು. ಮುಂಜಾನೆ ನಡೆದು ಕಂಠಪಾಠ ಮಾಡಿದ ರಸ್ತೆ ಮಧ್ಯಾಹ್ನಕ್ಕೆ ಬೇರೆಯೇ ರಸ್ತೆಯಾಗಿತ್ತು, ಚಾಲಕರು ಅದನ್ನು ಓಡಿಸುತ್ತಲೇ ಹೊಸದಾಗಿ ಓದಬೇಕಾಗಿತ್ತು.

ಮೊದಲ ಸುತ್ತು ಮುಗಿಯುವ ಹಂತದಲ್ಲಿ ಒಂದು ಬಿಳಿಯ ಕಾರು ಆ ಗೇಣಿನಷ್ಟು ಅಂತರದಲ್ಲಿ ತಪ್ಪಿತು. ಮರದ ಹತ್ತಿರ ಬ್ರೇಕ್ ಹಿಡಿದದ್ದು ತಡವಾಗಿ, ಮುಂದಿನ ಚಕ್ರ ಜಲ್ಲಿಯ ಗುಡ್ಡೆಗೆ ಹತ್ತಿ, ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿದ್ದರೂ ಕಾರು ನೇರವಾಗಿ ಹೊರಗೆ ಹೋಗಿ ಟೈರುಗಳ ರಾಶಿಗೆ ಬಡಿಯಿತು. ದಪ್ಪನೆಯ ಸದ್ದು, ಆಮೇಲೆ ಧೂಳು, ಆಮೇಲೆ ಎಲ್ಲಿಯೂ ಸದ್ದಿಲ್ಲ. ಮೇಷ್ಟ್ರು ವಾಕಿಟಾಕಿಯಲ್ಲಿ ತಮ್ಮ ತಿರುವಿನ ಸಂಖ್ಯೆ ಹೇಳುತ್ತ, ಕೆಂಪು ಬಾವುಟವನ್ನು ಬೀಸುತ್ತ ಮರದ ಕಡೆಗೆ ಓಡಿದರು, ಏಕೆಂದರೆ ಮುಂದಿನ ಕಾರು ಆಗಲೇ ಬುಡ ಬಿಟ್ಟಿತ್ತು. ಆ ಹೊತ್ತಿನಲ್ಲೇ ಜನರ ನಡುವಿನಿಂದ ಇಬ್ಬರು ಹುಡುಗರು ಹಗ್ಗ ದಾಟಿ ಬರೆಯಿಂದ ರಸ್ತೆಗೆ ಧುಮುಕಿದರು. ನೆರವಾಗಬೇಕೆಂಬ ಒಳ್ಳೆಯ ಮನಸ್ಸೇ ಅವರದು. ಆದರೆ ಕೆಂಪು ಬಾವುಟ ಕಾಣುವುದು ಅರೆಕ್ಷಣ ತಡವಾಗಿದ್ದರೆ, ತಿರುವಿನೊಳಕ್ಕೆ ನುಗ್ಗಿ ಬರುವ ಚಾಲಕನಿಗೆ ಅವರಿಬ್ಬರನ್ನು ತಪ್ಪಿಸಲು ಜಾಗವೇ ಇರುತ್ತಿರಲಿಲ್ಲ. ಅಪ್ಪ ಎದ್ದು ನಿಂತು, ಬಸ್ಸಿನ ಫುಟ್‌ಬೋರ್ಡಿನಲ್ಲಿ ಜೋತುಬಿದ್ದವರಿಗೆ ಹೇಳುತ್ತಿದ್ದ ಅದೇ ದನಿಯಲ್ಲಿ, ‘ಮೇಲೆ ಬನ್ನಿರಪ್ಪಾ! ಮೊದಲು ಮೇಲೆ ಬನ್ನಿ!’ ಎಂದು ಕೂಗಿದರು. ಹುಡುಗರು ಬರೆ ಹತ್ತಿದರು. ಮರದ ಆಚೆ ಮುಂದಿನ ಕಾರು ಚಕ್ರ ಕಚ್ಚಿ ನಿಂತ ಸದ್ದು ಕೇಳಿಸಿತು.

ಬಿಳಿಯ ಕಾರಿನ ಚಾಲಕ ಬೆಲ್ಟ್ ಬಿಚ್ಚಿ ಹೊರಬಂದು ಹೆಬ್ಬೆರಳೆತ್ತಿ ತೋರಿಸಿದಾಗ ಬರೆಯ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಶುಕ್ರವಾರ ಬೆಸುಗೆಯ ಮೇಲೆ ಬೆರಳಾಡಿಸಿದ ಪರಿಶೀಲಕರನ್ನು, ರಾತ್ರಿ ಕೂತು ಟೈರು ಕಟ್ಟಿದ ತೋಟದ ಕೆಲಸದವರನ್ನು ನಾನು ಆಗ ಮನಸಾರೆ ನೆನೆದೆ. ಆ ಇಬ್ಬರು ಹುಡುಗರ ವಿಷಯ ಮಾತ್ರ ಸಂಜೆಯವರೆಗೂ ಮನಸ್ಸನ್ನು ಬಿಡಲಿಲ್ಲ. ರಸ್ತೆಗೆ ಇಳಿಯದಿರುವುದೇ ಅಂತಹ ಹೊತ್ತಿನಲ್ಲಿ ನೋಡುಗರು ಮಾಡಬಹುದಾದ ಸಹಾಯ.

ಕಾರನ್ನು ಎಳೆದು ತೆಗೆದು, ಟೈರುಗಳನ್ನು ಮತ್ತೆ ಪೇರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಎರಡನೆಯ ಸುತ್ತಿನಲ್ಲಿ ಹಲವರು ಎಚ್ಚರವಾಗಿ ನಿಧಾನಿಸಿದರು. ಕೆಲವರು ಇನ್ನಷ್ಟು ತಡವಾಗಿ ಬ್ರೇಕ್ ಹಿಡಿದು ಒದ್ದಾಡಿದರು. ಮೂರೂವರೆಗೆ ಹಳದಿ ಟೇಪಿನ ಜಿಪ್ಸಿಯ ಸರದಿ ಬಂತು. ಲೈನ್‌ಮನೆಗಳ ಹಿಂದಿನಿಂದ ಸದ್ದು ಏರುತ್ತ ಬಂದಂತೆ ಅಪ್ಪ ಕಣ್ಣು ಮುಚ್ಚಿದರು. ಜಿಪ್ಸಿ ಇನ್ನೂ ನಮಗೆ ಕಾಣದಿರುವಾಗಲೇ, ಮರಕ್ಕಿಂತ ಎಷ್ಟೋ ಮುಂಚೆ, ಸದ್ದು ಕಡಿದು ಒಂದು ಮೆಟ್ಟಿಲು ಮೇಲಕ್ಕೆ ಏರಿತು. ಅಪ್ಪನ ಬೆರಳು ಮೊಣಕಾಲನ್ನು ತಟ್ಟಿತು. ಆಮೇಲೆ ತಿರುವು ಮುಗಿಯುವವರೆಗೂ ಬೆರಳು ಮೇಲೆಯೇ ಇತ್ತು. ಎಂಜಿನ್ನಿನ ಸದ್ದು ಎಲ್ಲಿಯೂ ಕಡಿಯಲಿಲ್ಲ. ಕೆಂಪು ಪಟ್ಟಿಯ ಮೇಲೆ ಒಳಚಕ್ರವಿಟ್ಟು, ಬಾಲವನ್ನು ಒಂದೇ ಸಲ ಬೀಸಿ, ಜಿಪ್ಸಿ ಮೇಲಕ್ಕೆ ಹೋಯಿತು. ನೋಡಲು ಅದು ಬೇರೆಯವರಿಗಿಂತ ನಿಧಾನವಾಗಿಯೇ ಹೋದಂತಿತ್ತು. ಧ್ವನಿವರ್ಧಕದಲ್ಲಿ ಬಂದ ಸಮಯ ಅವನ ಮೊದಲ ಓಟಕ್ಕಿಂತ ನಾಲ್ಕು ಸೆಕೆಂಡು ಕಡಿಮೆ, ಅವನ ವರ್ಗದಲ್ಲಿ ಮೊದಲನೆಯದು.

ಸಂಜೆ ಕಣದಲ್ಲಿ ಬಹುಮಾನ ಕೊಡುವಾಗ ನಾವೂ ಇದ್ದೆವು. ಒಟ್ಟಾರೆ ಗೆದ್ದದ್ದು ದೊಡ್ಡ ಎಂಜಿನ್ನಿನ ಕಾರೊಂದು. ಕತ್ತಲಾಗುವ ಮುನ್ನ ಅಪ್ಪ ಆ ಹುಡುಗನನ್ನು ಹುಡುಕಿಕೊಂಡು ಹೋಗಿ, ಎರಡನೆಯ ಸಲ ಗೇರನ್ನು ಅಷ್ಟು ಬೇಗ ಏಕೆ ಇಳಿಸಿದೆಯೆಂದು ಕೇಳಿದರು. ಮೊದಲ ಓಟದಲ್ಲಿ ತಿರುವಿನೊಳಗೆ ಕಾರು ತನ್ನ ಮಾತು ಕೇಳಲಿಲ್ಲವೆಂದೂ, ಅದಕ್ಕಾಗಿ ಮರ ಬರುವುದಕ್ಕೆ ಮುಂಚಿನ ಮೋರಿಯನ್ನು ಗುರುತಾಗಿ ಇಟ್ಟುಕೊಂಡನೆಂದೂ ಅವನು ಹೇಳಿದ. ಅಪ್ಪ ಅವನ ಬೆನ್ನು ತಟ್ಟಿದರು.

ಸೋಮವಾರ

ಮೈಸೂರಿಗೆ ಮರಳುವ ಮುನ್ನ ಆ ದಾರಿಯನ್ನು ಇನ್ನೊಮ್ಮೆ ನೋಡಬೇಕೆಂದು ಅಪ್ಪ ಕೇಳಿದರು. ಬೆಳಿಗ್ಗೆ ಎಂಟರ ಹೊತ್ತಿಗೆ ಹಗ್ಗ, ಬಾವುಟ, ಬೆಳಕಿನ ಪೆಟ್ಟಿಗೆಗಳೆಲ್ಲ ಹೋಗಿದ್ದವು. ನಮ್ಮ ತಿರುವಿನಲ್ಲಿ ನಾಲ್ವರು ಕೆಲಸದವರು ಹೊರಗಡೆಗೆ ಗುಡ್ಡೆಯಾಗಿದ್ದ ಜಲ್ಲಿಯನ್ನು ಸಲಿಕೆಯಿಂದ ಎತ್ತಿ ಮತ್ತೆ ರಸ್ತೆಯ ನಡುವಿಗೆ ಹರಡುತ್ತಿದ್ದರು. ಕೊಯ್ಲು ಶುರುವಾದರೆ ಕಾಫಿ ಮೂಟೆಗಳು ಇಳಿಯುವುದು ಇದೇ ದಾರಿಯಲ್ಲಿ. ಹೊಳೆಯುತ್ತಿದ್ದ ಕೆಂಪು ಪಟ್ಟಿ ಅರ್ಧ ಮುಚ್ಚಿಹೋಗಿತ್ತು. ಅಪ್ಪ ಬಗ್ಗಿ, ಉಳಿದ ಅರ್ಧವನ್ನು ಅಂಗೈಯಿಂದ ಸವರಿ ನೋಡಿದರು.

ಕೆಳಗಿನಿಂದ ತೋಟದ ಟ್ರ್ಯಾಕ್ಟರ್ ಹತ್ತಿ ಬರುವ ಸದ್ದು ಕೇಳಿಸಿತು. ಟ್ರೈಲರ್ ತುಂಬ ಗೊಬ್ಬರದ ಚೀಲಗಳು, ಅವುಗಳ ಮೇಲೆ ಮೂವರು ಹೆಂಗಸರು. ನಾವು ಬರೆಗೆ ಒತ್ತಿ ನಿಂತೆವು. ಮರಕ್ಕಿಂತ ಮುಂಚೆ, ಮೋರಿಯ ಹತ್ತಿರ, ಸದ್ದು ಒಮ್ಮೆ ಕಡಿದು ಮತ್ತೆ ಕೂಡಿತು. ಆಮೇಲೆ ತಿರುವಿನ ಉದ್ದಕ್ಕೂ ಒಂದೇ ಸಮನೆ ಎಳೆಯುತ್ತ ಟ್ರ್ಯಾಕ್ಟರ್ ನಮ್ಮ ಮುಂದೆ ಹಾದುಹೋಯಿತು.

‘ಕೇಳಿದೆಯಾ?’ ಎಂದರು ಅಪ್ಪ.

ಕೇಳಿದೆ ಎಂದೆ. ಟ್ರ್ಯಾಕ್ಟರ್ ಓಡಿಸುತ್ತಿದ್ದವರಿಗೆ ಅಪ್ಪ ಕೈಯೆತ್ತಿದರು. ಅವರೂ ಕೈಯೆತ್ತಿ ಮೇಲಕ್ಕೆ ಹೋದರು.